ತನ್ನನ್ನೇ ಉಣ್ಣುವ ಕೋಶ: ಲ್ಯಾಬೂ ಊರೂ ಕಲಿಸಿದ ಪಾಠಗಳು

ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವುದು ನನ್ನ ಈಗಿನ ಕೆಲಸ. ಅದಕ್ಕೆ ಮುಂಚೆ ಬೆಂಗಳೂರಿನ ಲ್ಯಾಬೊಂದರಲ್ಲಿದ್ದೆ. ಬೆಳಗಿನ ರೈಲಿಗೆ ಯಶವಂತಪುರ, ರಾತ್ರಿ ರೈಲಿಗೆ ಮನೆ. ಅಲ್ಲಿ ನೋಡುತ್ತಿದ್ದದ್ದು ಆಟೊಫೇಜಿಯನ್ನು. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟುಹೋದ, ಬೇಡವಾದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಆಮ್ಲದ ಚೀಲಕ್ಕೆ ಒಯ್ದು, ಅಲ್ಲಿ ಕರಗಿಸಿ, ಬಂದ ಸತ್ವವನ್ನು ಮತ್ತೆ ಬಳಸಿಕೊಳ್ಳುವ ಕ್ರಿಯೆ ಅದು. ಬೆಲ್ಜಿಯಂನ ಕ್ರಿಸ್ತಿಯನ್ ಡಿ ಡ್ಯೂವ್ ಅದಕ್ಕೆ 1963ರಲ್ಲಿ ಹೆಸರಿಟ್ಟರು. ಜಪಾನಿನ ಯೋಶಿನೊರಿ ಒಸುಮಿ ಅದರ ಒಳಗುಟ್ಟನ್ನು ಯೀಸ್ಟ್‌ನಲ್ಲಿ ಬಿಡಿಸಿ 2016ರಲ್ಲಿ ನೊಬೆಲ್ ಪಡೆದರು.

ಸವೆದ ಕೋಶಗಳ ಜಾಗಕ್ಕೆ ಹೊಸವನ್ನು ಹುಟ್ಟಿಸಿಕೊಡುವ ಆಕರಕೋಶಗಳಲ್ಲಿ, ಎಲ್ಲರ ಬಾಯಲ್ಲಿರುವ ಸ್ಟೆಮ್ ಸೆಲ್‌ಗಳಲ್ಲಿ, ಈ ಕ್ರಿಯೆಗೆ ಏನು ಕೆಲಸ? ಗುಬ್ಬಿ, ಕುಣಿಗಲ್ ಕಡೆ ಉಪನ್ಯಾಸಕ್ಕೆ ಹೋದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ಬರುತ್ತದೆ. ಲ್ಯಾಬಿನಲ್ಲಿ ಕಲಿತದ್ದನ್ನೂ ಊರಿನವರ ಪ್ರಶ್ನೆಗಳಿಂದ ಕಲಿತದ್ದನ್ನೂ ಸೇರಿಸಿ ಕೆಲವು ಪಾಠಗಳನ್ನು ಇಲ್ಲಿ ಬರೆದಿದ್ದೇನೆ.

1. ರಾಶಿ ನೋಡಿ ಕೆಲಸ ಅಳೆಯಬೇಡಿ

ಅಂತರಸನಹಳ್ಳಿ ಮಾರುಕಟ್ಟೆಯ ಮುಂದೆ ಲಾರಿಗಳ ಸಾಲು ನಿಂತಿದೆ ಅಂದುಕೊಳ್ಳಿ. ಅವತ್ತು ಸರಕು ಹೆಚ್ಚು ಬಂದಿರಬಹುದು. ಇಲ್ಲವೇ ಒಳಗೆ ಇಳಿಸುವ ಹಮಾಲರೇ ಇಲ್ಲದಿರಬಹುದು. ಹೊರಗೆ ನಿಂತು ಸಾಲು ಎಣಿಸಿದವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಆಟೊಫೇಜಿಯ ಕಷ್ಟವೂ ಇದೇ. ಎಲ್‌ಸಿ3 ಎಂಬ ಪ್ರೋಟೀನು ಸುತ್ತುವ ಪೊರೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಹಸಿರು ಬೆಳಕಿನ ಗುರುತು ಕಟ್ಟಿದರೆ ಕೋಶದಲ್ಲಿ ಚುಕ್ಕಿಗಳು ಹೊಳೆಯುತ್ತವೆ. ಚುಕ್ಕಿ ಹೆಚ್ಚಾದ ಕೂಡಲೇ ವಿದ್ಯಾರ್ಥಿ ಓಡಿ ಬಂದು, "ಸಾರ್, ಆಟೊಫೇಜಿ ಜಾಸ್ತಿ ಆಗಿದೆ" ಅನ್ನುತ್ತಾನೆ. ಜಾಸ್ತಿ ಆಗಿರಬಹುದು. ಲೈಸೋಸೋಮ್ ಕೈಕೊಟ್ಟು, ಸುತ್ತಿದ ಪೊಟ್ಟಣಗಳು ಕರಗದೆ ಉಳಿದಿರಲೂಬಹುದು.

ಹಾಗಾಗಿ ಒಂದೇ ಕೋಶಗಳನ್ನು ಎರಡು ತಟ್ಟೆಗೆ ಹಂಚುತ್ತೇವೆ. ಒಂದಕ್ಕೆ ಬ್ಯಾಫಿಲೊಮೈಸಿನ್ ಅಥವಾ ಹಳೆಯ ಮಲೇರಿಯಾ ಮಾತ್ರೆಯ ಕ್ಲೋರೋಕ್ವಿನ್ ಹಾಕಿ ಕರಗುವ ಬಾಗಿಲು ಮುಚ್ಚುತ್ತೇವೆ. ಇನ್ನೊಂದನ್ನು ಹಾಗೇ ಬಿಡುತ್ತೇವೆ. ಬಾಗಿಲು ಮುಚ್ಚಿದ ತಟ್ಟೆಯಲ್ಲಿ ಎಲ್‌ಸಿ3 ಎಷ್ಟು ಹೆಚ್ಚಿಗೆ ಕೂಡಿಬಿತ್ತೋ ಅಷ್ಟು ಸರಕು ಆ ಹೊತ್ತಿನಲ್ಲಿ ಸಾಗುತ್ತಿತ್ತು ಎಂದು ಲೆಕ್ಕ. ಎರಡೂ ತಟ್ಟೆಯಲ್ಲಿ ಸಮವಾಗಿದ್ದರೆ ಹರಿವೇ ಇರಲಿಲ್ಲ ಎಂದರ್ಥ, ಚುಕ್ಕಿ ಎಷ್ಟೇ ಹೊಳೆಯಲಿ.

ಒಸುಮಿ 1992ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ. ಪ್ರೋಟೀನು ಕರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಉಪವಾಸ ಕೆಡವಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅರ್ಧ ಗಂಟೆಯಲ್ಲೇ ಅದರ ರಸದಾನಿಯೊಳಗೆ, ಯೀಸ್ಟ್‌ನಲ್ಲಿ ಲೈಸೋಸೋಮ್‌ನ ಕೆಲಸ ಮಾಡುವ ಚೀಲದೊಳಗೆ, ಸಣ್ಣ ಗುಂಡುಗಳು ಕೂಡತೊಡಗಿದವು. ಮಾಮೂಲಿ ಯೀಸ್ಟ್‌ನಲ್ಲಿ ಅವು ಬಂದ ಹಾಗೇ ಕರಗುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕರಗುವುದನ್ನು ತಡೆದದ್ದರಿಂದಲೇ ಅವು ಕಂಡವು. ಮುಂದಿನ ಎಲ್ಲ ಪಾಠಗಳಿಗೂ ಇದೇ ಬುನಾದಿ.

2. ಹುಳು ಗೋಡೆ ಹತ್ತುವ ಮುಂಚೆ ಹಿಡಿಯಿರಿ

ನಮ್ಮ ಕಾಲೇಜುಗಳ ಕೈಗೆಟುಕುವ ಪ್ರಾಣಿ ಹಣ್ಣುನೊಣ, ಡ್ರೊಸೊಫಿಲಾ. ಮೈಸೂರಿನ ಮಾನಸಗಂಗೋತ್ರಿಯಿಂದ ಕರ್ನಾಟಕಕ್ಕೆಲ್ಲ ಹಬ್ಬಿದ ಅದರ ಅಡುಗೆ ಬಲು ಸರಳ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಸ್ಟು ಹಿಡಿಯದ ಹಾಗೆ 7.5 ಮಿಲಿ ಪ್ರೊಪಿಯಾನಿಕ್ ಆಮ್ಲ. ಗಂಟಾಗದಂತೆ ತಿರುವಿ, ಬಿಸಿಯಿರುವಾಗಲೇ ಸೀಸೆಗೆ ಸುರಿದು, ಆರಿದ ಮೇಲೆ ಮೇಲಕ್ಕೊಂದಿಷ್ಟು ಯೀಸ್ಟ್. ಏಪ್ರಿಲ್ ಬಿಸಿಲಿನಲ್ಲಿ ಸೀಸೆಗಳನ್ನು ನೀರಿನ ತಟ್ಟೆಯಲ್ಲಿಟ್ಟು ತಂಪು ಮಾಡದಿದ್ದರೆ, 30 ಡಿಗ್ರಿ ದಾಟಿದ ಶಾಖದಲ್ಲಿ ಬೆಳೆದ ಗಂಡುಗಳು ಸಂತಾನಶಕ್ತಿ ಕಳೆದುಕೊಂಡು ಮುಂದಿನ ಸಂತತಿಯೇ ನಿಲ್ಲುತ್ತದೆ.

ಆಟೊಫೇಜಿ ನೋಡಲು ಮರಿಹುಳುವಿನ ಕೊಬ್ಬಿನ ಅಂಗ ಹೇಳಿ ಮಾಡಿಸಿದ್ದು. ಮೂರನೇ ಹಂತದ ಆರಂಭದಲ್ಲಿರುವ, ಇನ್ನೂ ತಿನ್ನುತ್ತಿರುವ ಹುಳುಗಳನ್ನು ಆಹಾರದಿಂದ ತೆಗೆದು ಶೇ. 20ರ ಸಕ್ಕರೆ ನೀರಿನಲ್ಲಿ ಮೂರು-ನಾಲ್ಕು ಗಂಟೆ ಬಿಡಬೇಕು. ಸಕ್ಕರೆ ಸಿಗುತ್ತದೆ, ಪ್ರೋಟೀನು ಸಿಗುವುದಿಲ್ಲ. ಆಮೇಲೆ ಬಾಯಿಯ ಕೊಕ್ಕೆಗಳನ್ನು ಒಂದು ಚಿಮುಟದಲ್ಲಿ ಹಿಡಿದು ಮೈಯನ್ನು ಒಳಹೊರಗು ಮಾಡಿದರೆ ಬಿಳಿ ಜಾಲರಿಯಂಥ ಕೊಬ್ಬು ತೇಲುತ್ತದೆ. ಆಮ್ಲೀಯ ಚೀಲಗಳಿಗೆ ಹತ್ತುವ ಲೈಸೋಟ್ರ್ಯಾಕರ್ ಬಣ್ಣ ಹಾಕಿ ನೋಡಿದರೆ ಉಪವಾಸದ ಕೊಬ್ಬಿನ ತುಂಬ ಕೆಂಪು ಚುಕ್ಕಿ, ಉಂಡ ಹುಳುವಿನಲ್ಲಿ ಅಲ್ಲೊಂದು ಇಲ್ಲೊಂದು.

ಇಲ್ಲೊಂದು ಮೋಸದ ಜಾಗವಿದೆ. ಹುಳು ಊಟ ಬಿಟ್ಟು ಸೀಸೆಯ ಗೋಡೆ ಹತ್ತಲು ಶುರುಮಾಡಿದರೆ ಅದು ಪ್ಯೂಪಾ ಹಂತಕ್ಕೆ ಹೊರಟಿದೆ ಎಂದರ್ಥ. ಆಗ ಎಕ್ಡೈಸೋನ್ ಹಾರ್ಮೋನಿನ ದೆಸೆಯಿಂದ ಕೊಬ್ಬಿನಲ್ಲಿ ಆಟೊಫೇಜಿ ತಾನಾಗಿಯೇ ಏರುತ್ತದೆ. ಗೋಡೆ ಹತ್ತಿದ ಹುಳುವನ್ನು "ಉಂಡ ಹುಳು" ಎಂದು ಪಕ್ಕದಲ್ಲಿಟ್ಟರೆ ಹೋಲಿಕೆಯೇ ಹಳ್ಳ ಹಿಡಿಯುತ್ತದೆ. ಆಹಾರಕ್ಕೆ ಒಂದು ಚಿಟಿಕೆ ಬ್ರೋಮೊಫಿನಾಲ್ ನೀಲಿ ಬೆರೆಸಿಡಿ: ತಿನ್ನುತ್ತಿರುವ ಹುಳುವಿನ ಕರುಳು ಕಡುನೀಲಿಯಾಗಿ ಹೊರಗೇ ಕಾಣುತ್ತದೆ, ಊಟ ಬಿಟ್ಟದ್ದರಲ್ಲಿ ನೀಲಿ ಮಾಸುತ್ತದೆ. ವಯಸ್ಸು ಕೇಳದೆ ಆಟೊಫೇಜಿಯ ಮಾತೆತ್ತಬಾರದು ಎಂಬುದನ್ನು ನಾನು ಈ ನೀಲಿ ಕರುಳಿನಿಂದಲೇ ವಿದ್ಯಾರ್ಥಿಗಳಿಗೆ ಕಲಿಸುವುದು.

ಇದೇ ಹುಳುವಿನ ರಕ್ತಗ್ರಂಥಿಯಲ್ಲಿ ರಕ್ತ ಕಟ್ಟುವ, ಆಕರಕೋಶದಂಥ ಮೂಲಕೋಶಗಳೂ ಇವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ, ಅಸೃಜ್ ಎಂಬ ಪ್ರೋಟೀನು ಇಲ್ಲದಿದ್ದರೆ ಆ ಮೂಲಕೋಶಗಳು ಹೊತ್ತಿಗೆ ಮುಂಚೆಯೇ ಮಾಗಿ ಮುಗಿದುಹೋಗುತ್ತವೆ ಎಂದು ತೋರಿಸಿತು. ಬೆಲ್ಲ-ರವೆ ತಿಂದು ಬೆಳೆದ ನೊಣದಿಂದ ಆಕರಕೋಶದ ಪ್ರಶ್ನೆಗೆ ದಾರಿ ಅಷ್ಟು ಹತ್ತಿರ.

3. ಸುಮ್ಮನಿರಲು ದುಡಿಯಬೇಕು

ನಮ್ಮ ರಕ್ತದ ಆಕರಕೋಶಗಳು ಅಸ್ಥಿಮಜ್ಜೆಯಲ್ಲಿ ಹೆಚ್ಚುಹೊತ್ತು ವಿಭಜನೆಯಾಗದೆ ತಣ್ಣಗಿರುತ್ತವೆ. ಇದನ್ನು ಕೇಳಿದ ವಿದ್ಯಾರ್ಥಿಗಳು ಅವನ್ನು ಮಲಗಿರುವ ಕೋಶ ಎಂದುಕೊಳ್ಳುತ್ತಾರೆ. ಆ ತಣ್ಣಗಿರುವಿಕೆಯ ಹಿಂದೆ ಬಿಡುವಿಲ್ಲದ ದುಡಿಮೆ ಇದೆ.

ಆಕ್ಸ್‌ಫರ್ಡಿನಲ್ಲಿ ಕಾಟ್ಯಾ ಸೈಮನ್ ತಂಡ 2011ರಲ್ಲಿ, ಇಲಿಗಳ ರಕ್ತಕೋಶಗಳಲ್ಲಿ ಆಟೊಫೇಜಿಗೆ ಬೇಕಾದ ಎಟಿಜಿ7 ಎಂಬ ವಂಶವಾಹಿಯನ್ನು ತೆಗೆಯಿತು. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳು ಕೂಡಿಬಿದ್ದವು, ಅವುಗಳಿಂದ ಹುಟ್ಟುವ ಹಾನಿಕರ ಆಮ್ಲಜನಕ ಸಂಯುಕ್ತಗಳು ಏರಿದವು, ಆಕರಕೋಶಗಳು ರಕ್ತ ಕಟ್ಟಿಕೊಡುವ ಶಕ್ತಿಯನ್ನೇ ಕಳೆದುಕೊಂಡವು. ಎಮ್ಯಾನುಯೆಲ್ ಪಸೆಗೆ ತಂಡ 2017ರಲ್ಲಿ ಇದರ ಕಾರಣವನ್ನು ಇನ್ನಷ್ಟು ಬಿಡಿಸಿತು. ಕೆಲಸವಿಲ್ಲದಾಗಲೂ ಚಟುವಟಿಕೆಯಲ್ಲಿರುವ ಮೈಟೊಕಾಂಡ್ರಿಯಾಗಳನ್ನು ಆಕರಕೋಶ ಆಟೊಫೇಜಿಯಿಂದ ತೆಗೆದುಹಾಕುತ್ತದೆ. ತೆಗೆಯದಿದ್ದರೆ ಅದು ಉರಿದೇಳುತ್ತದೆ, ಬೇಗ ಬೇಗ ರಕ್ತಕೋಶವಾಗಿ ಮಾಗಿ ತನ್ನ ಮೂಲತನ ಬಿಟ್ಟುಕೊಡುತ್ತದೆ.

ಉಪವಾಸದಲ್ಲಿ ಜೀವ ಹಿಡಿದುಕೊಳ್ಳಲು ಕೋಶ ತನ್ನನ್ನು ತಿನ್ನುತ್ತದೆ ಎಂಬುದು ಪಠ್ಯಪುಸ್ತಕದ ಸಾಲು. ಆಕರಕೋಶ ಉಂಡು ತಂಪಾಗಿರುವಾಗಲೂ ತಿನ್ನುತ್ತದೆ, ತಾನು ತಾನಾಗಿ ಉಳಿಯಲು. ಈ ವ್ಯತ್ಯಾಸ ಹಿಡಿದರೆ ಅರ್ಧ ವಿಷಯ ಬಂದ ಹಾಗೆ.

4. ಸರಾಸರಿಯನ್ನು ನಂಬಬೇಡಿ

ಅಸ್ಥಿಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ನಿಜವಾದ ರಕ್ತ ಆಕರಕೋಶ ಒಂದು ಸಿಕ್ಕರೆ ಹೆಚ್ಚು. ಮಜ್ಜೆಯನ್ನೆಲ್ಲ ಅರೆದು ಎಲ್‌ಸಿ3 ಅಳೆದರೆ ಬರುವ ಉತ್ತರ ಉಳಿದ 9,999 ಕೋಶಗಳದ್ದು. ಅದಕ್ಕೇ ಒಂದೊಂದೇ ಕೋಶವನ್ನು ಲೇಸರ್ ಮುಂದೆ ಸಾಗಿಸಿ ಅಳೆಯುವ ಫ್ಲೋ ಸೈಟೋಮೀಟರ್, ಎಲ್‌ಸಿ3ಗೆ ಹಸಿರು ಗುರುತು ಕಟ್ಟಿಕೊಂಡೇ ಹುಟ್ಟಿದ ಇಲಿ ಇವೆಲ್ಲ ಬೇಕಾಗುತ್ತವೆ.

ಒಂದೊಂದಾಗಿ ನೋಡಿದಾಗ ಆದ ಲಾಭ ಸಣ್ಣದಲ್ಲ. ಪಸೆಗೆ ತಂಡದ ಅದೇ 2017ರ ಅಧ್ಯಯನದಲ್ಲಿ ಮುದಿ ಇಲಿಗಳ ಆಕರಕೋಶಗಳಲ್ಲಿ ಸುಮಾರು ಮೂರನೇ ಒಂದು ಪಾಲು ಆಟೊಫೇಜಿಯನ್ನು ಜೋರಾಗಿ ನಡೆಸುತ್ತಿದ್ದವು. ಅವು ಮುದಿ ಮೈಯಲ್ಲಿದ್ದರೂ ಎಳೆಯವುಗಳ ಹಾಗೆ ರಕ್ತ ಕಟ್ಟಬಲ್ಲವಾಗಿದ್ದವು. ಉಳಿದ ಎರಡು ಪಾಲು ದಣಿದಿದ್ದವು. ಸರಾಸರಿ ತೆಗೆದಿದ್ದರೆ "ವಯಸ್ಸಾದ ಮೇಲೆ ಹೀಗೆ" ಎಂಬ ಒಂದೇ ಸಪ್ಪೆ ಸಂಖ್ಯೆ ಸಿಗುತ್ತಿತ್ತು. ವಯಸ್ಸಾದ ದೇಹದಲ್ಲಿ ಎಲ್ಲ ಕೋಶಗಳೂ ಒಟ್ಟಿಗೆ ಮುದಿಯಾಗುವುದಿಲ್ಲ ಎಂಬ ಮಾತು ಅದರಲ್ಲಿ ಹೂತುಹೋಗುತ್ತಿತ್ತು.

5. ಹೆಚ್ಚಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು

ಬಾರ್ಸಿಲೋನಾದಲ್ಲಿ ಪೂರಾ ಮುನ್ಯೋಸ್-ಕಾನೊವೆಸ್ ತಂಡ 2016ರಲ್ಲಿ ಸ್ನಾಯುವಿನ ಆಕರಕೋಶಗಳನ್ನು ನೋಡಿತು. ಮುದಿ ಇಲಿಗಳಲ್ಲಿ ಆಟೊಫೇಜಿ ಕುಂದಿತ್ತು. ಮತ್ತೆ ಎಬ್ಬಿಸಿದಾಗ ಕೋಶಗಳು ಚೇತರಿಸಿಕೊಂಡವು. ಸ್ಟ್ಯಾನ್‌ಫರ್ಡಿನ ಆನ್ ಬ್ರೂನೆ ತಂಡ 2018ರಲ್ಲಿ, ಮಿದುಳಿನ ತಣ್ಣಗಿನ ಆಕರಕೋಶಗಳು ಲೈಸೋಸೋಮ್‌ಗಳಲ್ಲಿ ಪ್ರೋಟೀನಿನ ಗಂಟುಗಳನ್ನು ಇಟ್ಟುಕೊಂಡಿರುತ್ತವೆ, ಲೈಸೋಸೋಮ್ ಚುರುಕುಗೊಳಿಸಿದರೆ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ ಎಂದು ತೋರಿಸಿತು. ಇಷ್ಟಕ್ಕೇ ನಿಲ್ಲಿಸಿದರೆ ಆಟೊಫೇಜಿ ಸಂಜೀವಿನಿ.

ಆದರೆ ನ್ಯೂಯಾರ್ಕಿನ ಸಗೀ ಗಫ್ಫಾರಿ ತಂಡ 2020ರಲ್ಲಿ ರಕ್ತ ಆಕರಕೋಶಗಳ ಲೈಸೋಸೋಮ್ ಕೆಲಸವನ್ನು ತಗ್ಗಿಸಿದಾಗ, ಅವು ಇನ್ನೂ ಆಳವಾಗಿ ತಣ್ಣಗಾಗಿ, ಕಸಿ ಮಾಡಿದಾಗ ಇನ್ನೂ ಚೆನ್ನಾಗಿ ಬೇರೂರಿದವು. ಮೇಲ್ನೋಟಕ್ಕೆ ಇದು ಮೊದಲಿನದಕ್ಕೆ ವಿರುದ್ಧ. ಕೂತು ಯೋಚಿಸಿದರೆ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಅಂಗದ ಆಕರಕೋಶ, ಯಾವ ಗಳಿಗೆಯಲ್ಲಿ, ನಿಧಾನಕ್ಕೆ ಕರಗಿಸಬೇಕೋ ಬೇಗನೋ?

ಇನ್ನೊಂದು ಮುಖವೂ ಇದೆ. ರಕ್ತದ ಕ್ಯಾನ್ಸರುಗಳಲ್ಲಿ ಒಂದಾದ ಸಿಎಂಎಲ್‌ನಲ್ಲಿ ಇಮಾಟಿನಿಬ್ ಮಾತ್ರೆಯ ಹೊಡೆತಕ್ಕೆ ಸಿಕ್ಕಿಯೂ ಸಾಯದ ಕ್ಯಾನ್ಸರ್ ಆಕರಕೋಶಗಳು ಆಟೊಫೇಜಿಯನ್ನೇ ಗುರಾಣಿ ಮಾಡಿಕೊಳ್ಳುತ್ತವೆ ಎಂದು 2009ರಲ್ಲಿ ಕಂಡುಬಂತು. ಹಾಗಾಗಿ ಇಮಾಟಿನಿಬ್ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ಆ ಗುರಾಣಿ ಕಿತ್ತುಕೊಳ್ಳುವ ಪ್ರಯೋಗ ರೋಗಿಗಳಲ್ಲಿ ನಡೆಯಿತು. ಹೇಳಿಕೊಳ್ಳುವಂಥ ಗೆಲುವು ಸಿಗಲಿಲ್ಲ. ಒಳ್ಳೆಯ ಆಕರಕೋಶವನ್ನು ಕಾಯುವ ಯಂತ್ರವೇ ಕೆಟ್ಟದ್ದನ್ನೂ ಕಾಯುತ್ತದೆ. "ಆಟೊಫೇಜಿ ಹೆಚ್ಚಿಸುವ" ಪುಡಿ, ಕಷಾಯ ಮಾರುವವರ ಮುಂದೆ ಈ ಒಂದು ಸಾಲು ಸಾಕು.

6. ತಟ್ಟೆಯ ಕೋಶಕ್ಕೆ ಹಬ್ಬವಿಲ್ಲ, ಭಾನುವಾರವಿಲ್ಲ

ಐವಿಎಫ್‌ನಲ್ಲಿ ಬೇಡವೆಂದು ಬಿಟ್ಟ ಭ್ರೂಣಗಳಿಂದ ಇನಾಮ್‌ದಾರ್ ಅವರ ತಂಡ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಎರಡು ಮಾನವ ಆಕರಕೋಶ ತಳಿಗಳನ್ನು ಬೆಂಗಳೂರಿನಲ್ಲೇ ಬೆಳೆಸಿ 2009ರಲ್ಲಿ ಪ್ರಕಟಿಸಿತು. ಇಂಥ ಕೋಶಗಳಿಗೆ ಸಾಮಾನ್ಯವಾಗಿ ದಿನಾ ಮೀಡಿಯಂ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಬೇಕು. ಯುಗಾದಿಗೆ ಊರಿಗೆ ಹೊರಟವರು ಯಾರಿಗಾದರೂ ತಟ್ಟೆ ಒಪ್ಪಿಸಿ ಹೋಗಬೇಕು.

ಆಟೊಫೇಜಿ ನೋಡುವವರಿಗೆ ಇದರ ಕಷ್ಟ ಇಮ್ಮಡಿ. ತಟ್ಟೆ ತುಂಬಿ ಕೋಶಗಳು ಒತ್ತೊತ್ತಾದರೆ ಮೀಡಿಯಂನ ಅಮೈನೊ ಆಮ್ಲಗಳು ಮುಗಿದು, ನೀವು ಕೆಡವದೆಯೇ ಉಪವಾಸ ಶುರುವಾಗಿರುತ್ತದೆ. ಬೆಳಿಗ್ಗೆ ಮೀಡಿಯಂ ಹಾಕಿದ ತಟ್ಟೆಗೂ ನಿನ್ನೆ ಸಂಜೆ ಹಾಕಿದ್ದಕ್ಕೂ ವ್ಯತ್ಯಾಸ ಕಂಡರೆ ಅದು ಔಷಧದ ಗುಣವೋ, ಊಟದ ಹೊತ್ತಿನ ಗುಣವೋ ಹೇಳಲಾಗದು. ರೈಲು ಹಿಡಿಯಬೇಕಿದ್ದ ನನ್ನಂಥವರು ನಾಲ್ಕು ಗಂಟೆಯ ಪ್ರಯೋಗವನ್ನು ಮಧ್ಯಾಹ್ನಕ್ಕೆ ಶುರುಮಾಡುವ ಆಸೆಗೆ ಬೀಳುತ್ತಿದ್ದೆವು. ಆದರೆ ಗಡಿಯಾರ ನಮ್ಮದಲ್ಲ, ಕೋಶದ್ದು. ಎಲ್ಲ ತಟ್ಟೆಗೂ ಒಂದೇ ಹೊತ್ತಿಗೆ ಮೀಡಿಯಂ, ಒಂದೇ ಸಾಂದ್ರತೆ, ಒಂದೇ ಹೊತ್ತಿಗೆ ಮುಕ್ತಾಯ. ಬೇಜಾರಿನ ಶಿಸ್ತು, ಆದರೆ ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನೀರಲ್ಲಿ ಹೋಮ.

7. ಶಿವರಾತ್ರಿಯ ಉಪವಾಸದ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಿ

ಗುಬ್ಬಿಯಲ್ಲಿ ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ನಾವು ಏಕಾದಶಿ, ಶಿವರಾತ್ರಿ ಒಪ್ಪೊತ್ತು ಇರ್ತೀವಲ್ಲ, ಅದರಿಂದ ಸ್ಟೆಮ್ ಸೆಲ್ ಹೊಸದಾಗಿ ಹುಟ್ತವಂತೆ, ನಿಜವಾ?"

ನಂಬಿಕೆಯನ್ನು ಅಲ್ಲಗಳೆಯುವುದು ನನ್ನ ಕೆಲಸವಲ್ಲ. ವಿಜ್ಞಾನದ ಹೆಸರು ಹೇಳಿದರೆ ಮಾತ್ರ ಲೆಕ್ಕ ಕೊಡಬೇಕು. ಎಂಐಟಿಯಲ್ಲಿ ಓಮರ್ ಯಿಲ್ಮಾಜ್ ತಂಡ 2018ರಲ್ಲಿ, 24 ಗಂಟೆ ಉಪವಾಸ ಕೆಡವಿದ ಇಲಿಗಳ ಕರುಳಿನ ಆಕರಕೋಶಗಳು ಚುರುಕಾಗುತ್ತವೆ ಎಂದು ತೋರಿಸಿದ್ದು ನಿಜ. ಅವರು ಅದಕ್ಕೆ ಕೊಟ್ಟ ಕಾರಣ ಕೋಶಗಳು ಕೊಬ್ಬನ್ನು ಉರಿಸಲು ಶುರುಮಾಡುವುದು. ಆಟೊಫೇಜಿ ಎಂಬ ಹಣೆಪಟ್ಟಿಯನ್ನು ಹಚ್ಚಿದವರು ವಾಟ್ಸ್ಯಾಪಿನವರು. ಇಲಿಯ ಒಂದು ದಿನ ನಮ್ಮ ಒಂದು ದಿನವೂ ಅಲ್ಲ. ಅಷ್ಟರಲ್ಲಿ ಅದರ ಮೈತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿದುಹೋಗಬಹುದು. ಅದೇ ತಂಡ 2024ರಲ್ಲಿ ಇನ್ನೊಂದು ಮಾತು ಸೇರಿಸಿತು. ಆಕರಕೋಶಗಳು ಹೆಚ್ಚು ವಿಭಜನೆಯಾಗುವುದು ಉಪವಾಸ ಮುರಿದು ಉಂಡ ಮೇಲೆ; ಕ್ಯಾನ್ಸರ್ ತರುವ ಬದಲಾವಣೆಯೊಂದು ಆ ಹೊತ್ತಿನಲ್ಲೇ ಆದರೆ ಇಲಿಗಳಲ್ಲಿ ಗಡ್ಡೆಗಳೂ ಹೆಚ್ಚು.

ಉಪವಾಸದಿಂದ ಆಟೊಫೇಜಿ ಎಷ್ಟು ಏರಿತು ಎಂದು ಮನುಷ್ಯರಲ್ಲಿ ಅಳೆಯುವುದು ಸುಲಭವಲ್ಲ. ಒಂದನೇ ಪಾಠದ ಹರಿವು ಅಳೆಯಲು ಕರಗುವ ಬಾಗಿಲು ಮುಚ್ಚಬೇಕು. ಬದುಕಿರುವವರ ಅಸ್ಥಿಮಜ್ಜೆಯಲ್ಲಿ ಅದನ್ನು ಮಾಡಿ ನೋಡಲಾಗದು. ಹೀಗಾಗಿ ಆ ಹಿರಿಯರಿಗೆ ಹೇಳಿದ್ದು ಇಷ್ಟೇ: "ದೇವರಿಗೆಂದು ಉಪವಾಸ ಇರಿ, ಸಂತೋಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರಾದ್ರೆ ಡಾಕ್ಟರನ್ನ ಕೇಳದೆ ಊಟ ಬಿಡಬೇಡಿ. ಸಕ್ಕರೆ ಇಳಿದು ತಲೆಸುತ್ತಿ ಬಿದ್ರೆ ಯಾವ ಆಕರಕೋಶವೂ ಕೈ ಹಿಡಿಯಲ್ಲ."

8. ಕುದುರೆಗೆ ಆದದ್ದು ಮಂಡಿಗೆ ಯಾಕಿಲ್ಲ ಎಂದರೆ

ಕುಣಿಗಲ್‌ನಲ್ಲಿ ಕುದುರೆಯ ಮಾತು ಬರದೆ ಸಭೆ ಮುಗಿಯದು. ಟಿಪ್ಪುವಿನ ಕಾಲದಿಂದ ಬಂದ ಕುದುರೆ ಫಾರಂ ಊರಿನ ಗುರುತು. ಅಲ್ಲಿ ಬಂದ ಪ್ರಶ್ನೆ ಚುರುಕಾಗಿತ್ತು: "ಫಾರಿನ್ನಲ್ಲಿ ರೇಸ್ ಕುದುರೆ ಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡ್ತಾರಂತೆ. ನಮ್ಮಮ್ಮನ ಮಂಡಿಗೆ ಯಾಕೆ ಕೊಡಬಾರದು?"

ಓಡುವ ಕುದುರೆಯ ಮುಂಗಾಲಿನ ಸ್ನಾಯುರಜ್ಜು ಹರಿದಾಗ, ಅದರದೇ ಅಸ್ಥಿಮಜ್ಜೆಯಿಂದ ತೆಗೆದು ಬೆಳೆಸಿದ ಕೋಶಗಳನ್ನು ಗಾಯಕ್ಕೆ ಹಾಕುವ ಕ್ರಮ 2000ದ ದಶಕದಿಂದ ವಿದೇಶಗಳಲ್ಲಿ ಇದೆ. ಹರಿದ ರಜ್ಜು ಬೇರೆ, ವರ್ಷಗಟ್ಟಲೆ ಸವೆದ ಮಂಡಿಯ ಮೃದ್ವಸ್ಥಿ ಬೇರೆ. ಭಾರತದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ, ರಕ್ತರೋಗಗಳಿಗೆ ಮಾಡುವ ಆಕರಕೋಶ ಕಸಿಯನ್ನು ಬಿಟ್ಟು ಉಳಿದ ಬಳಕೆಗಳನ್ನು ಅನುಮತಿ ಪಡೆದ ಪ್ರಯೋಗಗಳ ಒಳಗೇ ಇಟ್ಟಿತು. ಪೂರ್ತಿ ಪರೀಕ್ಷೆ ದಾಟಿ ಬಂದ ಉತ್ಪನ್ನಕ್ಕೆ ದಾರಿ ಮುಚ್ಚಿಲ್ಲ: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಿದ್ಧಪಡಿಸಿದ ಸ್ಟೆಂಪ್ಯೂಸೆಲ್‌ಗೆ ಮಂಡಿಯ ಸವೆತದ ಚಿಕಿತ್ಸೆಗೆ ಔಷಧ ನಿಯಂತ್ರಕರ ಅನುಮತಿ 2022ರಲ್ಲಿ ಸಿಕ್ಕಿತು. ಅನುಮತಿ ಪಡೆದ ಔಷಧಕ್ಕೂ, ಯಾವುದೋ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ತಿರುಗಿಸಿ ತೆಗೆದ ದ್ರವಕ್ಕೂ ಅಜಗಜಾಂತರ.

ಜಾಹೀರಾತಿನಲ್ಲಿ "ಕೋಟಿಗಟ್ಟಲೆ ಕೋಶಗಳು" ಎಂದಿದ್ದರೆ ಒಂದನೇ ಪಾಠಕ್ಕೆ ಮರಳಿ. ಅದು ಒಳಗೆ ಹೋದ ಲೆಕ್ಕ. ಎಷ್ಟು ಉಳಿದವು, ಎಷ್ಟು ದಿನ, ಏನು ಮಾಡಿದವು? ಇಂಥ ಇಂಜೆಕ್ಷನ್ನಿನ ಕೋಶಗಳಲ್ಲಿ ಬಹುಪಾಲು ಹೆಚ್ಚು ದಿನ ಬದುಕಿರುವುದಿಲ್ಲ. ಈ ಮೂರು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೊಡದವರಿಗೆ ಅಡಿಕೆ ಮಾರಿದ ದುಡ್ಡು ಕೊಡಬೇಡಿ.

9. ಕಂಡದ್ದರ ಹೆಸರನ್ನೇ ರೆಕಾರ್ಡಿನಲ್ಲಿ ಬರೆಯಿರಿ

ತಾಲ್ಲೂಕು ಕಾಲೇಜಿನಲ್ಲಿ ಫ್ಲೂರೆಸೆನ್ಸ್ ಸೂಕ್ಷ್ಮದರ್ಶಕ ಇಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಬೇಕರಿಗೆ ಕೊಡುವ ಯೀಸ್ಟನ್ನೇ ತನ್ನಿ. ಸಕ್ಕರೆ ನೀರಿನಲ್ಲಿ ರಾತ್ರಿಯಿಡೀ ಬೆಳೆಸಿ, ತುಸು ಕ್ಷಾರೀಯ ಬಫರಿನಲ್ಲಿ ನ್ಯೂಟ್ರಲ್ ರೆಡ್ ಬೆರೆಸಿ, ಎಣ್ಣೆ ಹಾಕುವ 100ರ ಮಸೂರದಲ್ಲಿ ನೋಡಿ. ಬಣ್ಣವಿಲ್ಲದ ಕೋಶದೊಳಗೆ ರಸದಾನಿ ಕೆಂಪು ಗುಂಡಾಗಿ ಎದ್ದು ಕಾಣುತ್ತದೆ. ಒಸುಮಿ ಕಣ್ಣಿಟ್ಟು ಕೂತಿದ್ದೂ ಯೀಸ್ಟಿನ ಇದೇ ರಸದಾನಿಯ ಮೇಲೆ. ಜಕ್ಕೂರಿನ ಅದೇ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಯೀಸ್ಟನ್ನೇ ಜರಡಿ ಮಾಡಿಕೊಂಡು 6-ಬಯೊ ಎಂಬ ಅಣುವನ್ನು ಆರಿಸಿತು. ಅದು ಆಟೊಫೇಜಿಯ ಮೂಲಕ ಪಾರ್ಕಿನ್ಸನ್ ಮಾದರಿಯ ಇಲಿಗಳ ನರಕೋಶ ಕಾಯುವುದನ್ನು ತಂಡ 2017ರಲ್ಲಿ ವರದಿ ಮಾಡಿತು.

ಆದರೆ ರೆಕಾರ್ಡಿನಲ್ಲಿ "ಆಟೊಫೇಜಿ ಕಂಡೆ" ಎಂದು ಬರೆಯಬೇಡಿ. ನೀವು ಕಂಡದ್ದು ಆಮ್ಲೀಯ ರಸದಾನಿ, ಹಾಗೇ ಬರೆಯಿರಿ. ಪಕ್ಕದಲ್ಲಿ ಎಷ್ಟು ಹೊತ್ತಿನ ಯೀಸ್ಟ್, ಯಾವಾಗ ಸಕ್ಕರೆ ಕೊಟ್ಟದ್ದು, ಹೋಲಿಕೆಗೆ ಏನಿಟ್ಟಿರಿ ಎಂಬುದನ್ನೂ ಬರೆಯಿರಿ. ಜಕ್ಕೂರಿನ ಕೇಂದ್ರವೂ ವಿಜ್ಞಾನ ಅಕಾಡೆಮಿಗಳೂ ಕೊಡುವ ಬೇಸಿಗೆ ಫೆಲೋಶಿಪ್‌ಗಳಿಗೆ ತುಮಕೂರು, ಗುಬ್ಬಿ, ಕುಣಿಗಲ್‌ನ ಮಕ್ಕಳು ಅರ್ಜಿ ಹಾಕಬಹುದು, ಹಾಕಬೇಕು. ಸಂದರ್ಶನದ ಮೇಜಿನ ಆಚೆ ನಾನು ಕೂತಿದ್ದರೆ ಅಂಕಪಟ್ಟಿಗಿಂತ ಮೊದಲು ಆ ರೆಕಾರ್ಡ್ ಬುಕ್ಕನ್ನು ತೆರೆಸುತ್ತೇನೆ. ಕರಗಿದ್ದು ಎಷ್ಟು ಎಂದು ತಿಳಿಯಲು ಏನು ಮಾಡಬೇಕಿತ್ತು ಎಂದು ಕೇಳುತ್ತೇನೆ. "ಕ್ಲೋರೋಕ್ವಿನ್ ಹಾಕಿದ ತಟ್ಟೆ ಒಂದು, ಹಾಕದ ತಟ್ಟೆ ಒಂದು" ಎಂದವರಿಗೆ ಸೀಟು.